ತೂಬಿನ ಮೇಲಿನ ಗಜಲಕ್ಷ್ಮಿ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಬಂದವರ ಕಣ್ಣು ಮೊದಲು ಹೋಗುವುದು ಪುಷ್ಕರಣಿಯ ನಡುನೀರಿನಲ್ಲಿ ನಿಂತ ವಸಂತ ಮಂಟಪದ ಕಡೆಗೆ. ಅಂತಸ್ತಿನ ಮೇಲೆ ಅಂತಸ್ತು ಏರಿ, ಕಮಾನುಗಳ ನಡುವೆ ಗಾಳಿ ಬೆಳಕು ಹಾಯಲು ಬಿಟ್ಟು ನಿಂತಿರುವ ಆ ಕಟ್ಟಡ ನೀರಿನಲ್ಲಿ ತಲೆಕೆಳಗಾಗಿ ಬಿದ್ದಿರುವುದನ್ನು ಕಂಡರೆ ಎಂಥವರೂ ಮೊಬೈಲು ಹೊರತೆಗೆಯುತ್ತಾರೆ. ಎಂಟು ದಿಕ್ಕಿಗೆ ಎಂಟು ಪುಟ್ಟ ಮಂಟಪಗಳಿದ್ದವು, ಅವುಗಳಲ್ಲಿ ಆರು ಉಳಿದಿವೆ. ಚಿತ್ರಗಳಲ್ಲಿ ಮೆರೆಯುವುದು ಈ ಮಂಟಪಗಳೇ. ಕೊಳದ ನಿಜವಾದ ಜಾಣ್ಮೆ ಮಾತ್ರ ಸುತ್ತಲಿನ ಕಲ್ಲಿನ ಮೆಟ್ಟಿಲುಗಳಲ್ಲಿದೆ. ಮಳೆಗಾಲ ಚೆನ್ನಾಗಿ ಹಿಡಿದರೆ ಮೇಲಿನ ಕೆಲವು ಮೆಟ್ಟಿಲು ಮಾತ್ರ ಕಾಣುತ್ತವೆ. ಮಾಘ ಕಳೆದು ಚೈತ್ರ ಬರುವ ಹೊತ್ತಿಗೆ ಒಂದೊಂದೇ ಮೆಟ್ಟಿಲು ಮೇಲೆದ್ದು, ಹಸಿರು ಪಾಚಿಯ ಗೆರೆ ಹೊತ್ತು, ಬಿಸಿಲಿಗೆ ಒಣಗುತ್ತದೆ. ಅಕ್ಷರ ಬಾರದವರೂ ದಂಡೆಯಲ್ಲಿ ನಿಂತು ಮೆಟ್ಟಿಲು ಎಣಿಸಿದರೆ ಸಾಕು, ಊರಿನ ನೀರು ಎಲ್ಲಿಗೆ ಬಂದಿದೆ ಎಂಬುದು ತಿಳಿಯುತ್ತದೆ. 16ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವನು ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ. ಮುಂದಿನ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕೈಗೆ ಊರು ಹೋದಾಗ ಅದೇ ದಂಡೆಯ ಮೇಲೆ ಮುಸಾಫಿರ್‌ಖಾನೆ ಎದ್ದಿತು. ಆಳುವವರು ಬದಲಾದರು, ಅಲ್ಲಿದ್ದ ಗುಡಿ ಹೋಯಿತು, ಜಗಳಗಳಾದವು. ಹೊಸಬರೂ ಹೊಂಡವನ್ನು ಮುಚ್ಚಲಿಲ್ಲ, ಅದರ ಮಗ್ಗುಲಲ್ಲೇ ಕಟ್ಟಿದರು.

ನೀರನ್ನು ಕೊಂಡಾಡುವ ಸಾರ್ವಜನಿಕ ಕಲೆ ಎಂದರೆ ಏನು, ಅದು ಯಾವಾಗ ಸಾರ್ಥಕ, ಯಾವಾಗ ಬರೀ ಬಣ್ಣ ಎಂಬ ಪ್ರಶ್ನೆಗೆ ಈ ಮೆಟ್ಟಿಲುಗಳಿಂದಲೇ ಹೊರಡುವುದು ಒಳ್ಳೆಯದು. ಇವತ್ತು ಆ ಹೆಸರಿನಲ್ಲಿ ನಮ್ಮ ಊರುಗಳಲ್ಲಿ ಕಾಣುವುದು ಬಹುಮಟ್ಟಿಗೆ ಮೂರು ಬಗೆ. ಶಾಲೆಯ ಕಾಂಪೌಂಡಿನ ಮೇಲೆ ನಲ್ಲಿಯಿಂದ ತೊಟ್ಟಿಕ್ಕುವ ನೀಲಿ ಹನಿ, ಹನಿಯೊಳಗೆ ಒಂದು ಎಲೆ ಅಥವಾ ಭೂಗೋಳ, ಕೆಳಗೆ ನೀರು ಅಮೂಲ್ಯ ಎಂಬ ಘೋಷಣೆ. ವೃತ್ತದಲ್ಲೊಂದು ಕಾರಂಜಿ, ಅದರೊಳಗೆ ಕೊಡ ಹೊತ್ತ ಹೆಣ್ಣಿನ ಸಿಮೆಂಟಿನ ಬೊಂಬೆ. ಉದ್ಯಾನದ ಬಾಗಿಲಲ್ಲಿ ಗಂಗಾವತರಣ. ಇವುಗಳನ್ನು ಮಾಡಿದವರ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೆ ಊರಿನ ಕೆರೆ ತುಂಬಿದಾಗಲೂ ಬತ್ತಿದಾಗಲೂ ಗೋಡೆಯ ಮೇಲಿನ ಹನಿ ಅಷ್ಟೇ ದಪ್ಪಗಿರುತ್ತದೆ. ಸಂತೇಬೆನ್ನೂರಿನ ಮೆಟ್ಟಿಲು ಹಾಗಲ್ಲ, ನೀರು ಇಳಿದರೆ ತಾನೂ ಬದಲಾಗುತ್ತದೆ, ಸುಳ್ಳು ಹೇಳಲಾರದು. ನೀರಿನ ಬಗ್ಗೆ ಮಾಡಿದ ಕಲೆ ಆ ಊರಿನ ನೀರಿಗೆ ಲೆಕ್ಕ ಒಪ್ಪಿಸುವಂತಿರಬೇಕು ಎಂಬುದೇ ಈ ಲೇಖನದ ವಾದ. ಮಟ್ಟ, ಹರಿವು, ಪಾಲು ಈ ಮೂರರಲ್ಲಿ ಒಂದನ್ನಾದರೂ ನೋಡುವವರ ಕಣ್ಣಿಗೆ ತಾರದ ಕಲೆ ಎಷ್ಟು ಚೆಂದವಿದ್ದರೂ ನೀರಿನ ಕಲೆಯಾಗದು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಒಟ್ಟಿಗೆ ಇಟ್ಟು ನೋಡಲು ಕಾರಣವಿದೆ. ಕೆರೆ, ಹೊಳೆ, ಬುಗ್ಗೆ, ಬರ ನಾಲ್ಕೂ ಇಲ್ಲಿ ಒಂದು ದಿನದ ಪ್ರಯಾಣದೊಳಗೆ ಸಿಗುತ್ತವೆ, ಒಂದೊಂದೂ ತನ್ನದೇ ಬಗೆಯ ಕಲೆಯನ್ನು ಹುಟ್ಟಿಸಿದೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಕಲಾಕೃತಿ ಎಂದು ಯಾರೂ ಕರೆಯುವುದಿಲ್ಲ. ಸುಮಾರು 6,550 ಎಕರೆ ಹರವಿನ ಈ ಕೆರೆಯ ಏರಿ ಸುಮಾರು 950 ಅಡಿ ಉದ್ದ ಮಾತ್ರ. ಅಂಥ ವಿಸ್ತಾರಕ್ಕೆ ಇಷ್ಟು ಗಿಡ್ಡ ಏರಿ ಹೇಗೆ ಸಾಲುತ್ತದೆ ಎಂದರೆ, ಹರಿದ್ರಾವತಿ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳುವ ಜಾಗವನ್ನೇ ಹುಡುಕಿ ಕಟ್ಟಿದ್ದಾರೆ. ಉದ್ದ ಕಡಿಮೆ, ದಪ್ಪ ಮತ್ತು ಗಟ್ಟಿತನ ಅಪಾರ. ಎರಡು ತೂಬುಗಳಿಂದ ಹೊರಡುವ ಕಾಲುವೆಗಳಿಗೆ ಜನ ಸಿದ್ಧನಾಲೆ, ಬಸವನಾಲೆ ಎನ್ನುತ್ತಾರೆ. ಶತಮಾನಗಳ ಪ್ರವಾಹವನ್ನು ತಡೆದುಕೊಂಡು ನಿಂತ ಈ ಕೆರೆ ಇವತ್ತು ಚಿತ್ರದುರ್ಗದವರೆಗೆ ಕುಡಿಯುವ ನೀರು ಕೊಡುತ್ತದೆ. ಜಾಗದ ಆಯ್ಕೆಯೇ ಇಲ್ಲಿ ಕಲೆ. ಗುಡ್ಡ, ಏರಿ, ನೀರು ಮೂರೂ ಸೇರಿ ಒಂದೇ ಚಿತ್ರವಾಗಿ ಕಾಣುವಂತೆ ಕಟ್ಟಿದವರಿಗೆ ಅಳತೆಯ ಜತೆಗೆ ಕಣ್ಣೂ ಇತ್ತು ಎಂದೇ ಹೇಳಬೇಕು.

ಕೆರೆಯ ಕತೆ ಇನ್ನೂ ಮುಖ್ಯ. ದೊರೆಯ ಮಗಳು ಶಾಂತವ್ವ ಮನೆಯವರ ಕಣ್ಣಿಗೆ ತಪ್ಪಿತಸ್ಥಳಾದಳು, ಆ ಕಳಂಕ ಕಳೆಯಲು ಕೆರೆ ಕಟ್ಟಿಸಲು ಹೊರಟಳು, ಆರಿಸಿದ ಜಾಗ ಸೂಳೆಯರದಾಗಿತ್ತು, ಕೆರೆಗೆ ತಮ್ಮ ಹೆಸರು ಇಡಬೇಕೆಂಬ ಕರಾರಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರು ಎಂಬುದು ಜನ ಹೇಳುತ್ತ ಬಂದ ಐತಿಹ್ಯ. ಕತೆಯ ಪಾಠಾಂತರಗಳು ಹಲವು, ಕಾಲ 12ನೇ ಶತಮಾನ ಎಂದು ಸಾಮಾನ್ಯವಾಗಿ ಹೇಳುವುದುಂಟು. ಇತಿಹಾಸವಾಗಿ ಎಷ್ಟು ನಿಲ್ಲುತ್ತದೋ ಅದು ಬೇರೆ ವಿಚಾರ. ಕರಾರಿನ ಭಾಗವನ್ನು ಮಾತ್ರ ಗಮನವಿಟ್ಟು ಕೇಳಬೇಕು. ಸಮಾಜ ಕೀಳೆಂದು ಕಂಡ ಹೆಂಗಸರು ತಮ್ಮ ನೆಲಕ್ಕೆ ಬೆಲೆಯಾಗಿ ಹಣ ಕೇಳಲಿಲ್ಲ, ನೀರಿನ ಮೇಲೆ ತಮ್ಮ ಹೆಸರು ಕೇಳಿದರು. ಸಾವಿರಾರು ರೈತರು ಗದ್ದೆಗೆ ನೀರು ಬಿಡುವಾಗಲೆಲ್ಲ ಆ ಹೆಸರನ್ನು ಹೇಳಲೇಬೇಕಾಯಿತು. ಕಲ್ಲಿನ ಶಾಸನಕ್ಕಿಂತ ಗಟ್ಟಿಯಾದ ಸ್ಮಾರಕ ಅದು, ನಾಲಿಗೆಯ ಮೇಲೆ ಕೆತ್ತಿದ್ದು. ಈಚಿನ ದಶಕಗಳಲ್ಲಿ ಮುಜುಗರವೆಂದು ಶಾಂತಿಸಾಗರ ಎಂಬ ಹೆಸರು ಬಳಕೆಗೆ ಬಂದಿದೆ. ಶಾಂತವ್ವನ ನೆನಪು ಉಳಿಯುತ್ತದೆ ಎಂಬ ಸಮರ್ಥನೆ ಇದ್ದೇ ಇದೆ. ಆದರೆ ಸಾಗರ ಎಂಬ ಶಬ್ದಕ್ಕೆ ಯಾವ ಊರಿನ ಕೆರೆಯೂ ಒಗ್ಗುತ್ತದೆ. ಸೂಳೆಕೆರೆ ಎಂಬುದು ಇದೊಂದೇ ಕೆರೆಯ ಕರಾರುಪತ್ರ. ಹೆಸರು ಅಳಿಸಿದರೆ ನೆಲ ಕೊಟ್ಟವರ ಪಾಲು ಅಳಿಯುತ್ತದೆ. ಏರಿಯ ಬಳಿಯ ಫಲಕದಲ್ಲಿ ಎರಡು ಹೆಸರೂ, ಕರಾರಿನ ಕತೆಯೂ ಇರಬೇಕು. ಕೆರೆಯ ಸರಹದ್ದು ಅಳೆಯಿರಿ, ಒತ್ತುವರಿ ಬಿಡಿಸಿ ಎಂದು ಸುತ್ತಲಿನ ಯುವಕರು ವರ್ಷಗಟ್ಟಲೆ ಕೇಳುತ್ತ ಬಂದಿರುವ ಈ ಕಾಲದಲ್ಲಿ, ಈ ನೆಲ ಕೆರೆಗೆಂದೇ ಕೊಟ್ಟದ್ದು ಎಂದು ನೆನಪಿಸುವ ಐತಿಹ್ಯಕ್ಕೆ ಬೆಲೆ ಹೆಚ್ಚೇ ಇದೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ತೂಕದ್ದು. ನಮ್ಮ ನೀರಿನ ಕತೆಗಳು ಮತ್ತೆ ಮತ್ತೆ ಹೆಣ್ಣಿನ ಬಲಿಯ ಮೇಲೆ, ಅವಳ ಪ್ರಾಯಶ್ಚಿತ್ತದ ಮೇಲೆ ನಿಲ್ಲುತ್ತವಲ್ಲ, ಅವುಗಳನ್ನು ಕೊಂಡಾಡುವುದು ಸರಿಯೆ? ‘ಕೆರೆಗೆ ಹಾರ’ದ ಭಾಗೀರಥಿಯನ್ನು ಕನ್ನಡ ಓದುವವರೆಲ್ಲ ಬಲ್ಲರು, ಕೆರೆಯಲ್ಲಿ ನೀರು ಬರಲೆಂದು ಕಿರಿ ಸೊಸೆಯನ್ನು ಬಲಿ ಕೊಟ್ಟ ಕತೆ ಅದು. ಅಂಥ ಕತೆಯ ಮೇಲೆ ಹೂವಿನ ಹಾರ ಹಾಕಿ ತ್ಯಾಗಮೂರ್ತಿ ಎಂದು ಶಿಲ್ಪ ನಿಲ್ಲಿಸಿದರೆ ಅದು ಅನ್ಯಾಯಕ್ಕೆ ಮಾಡಿದ ಅಲಂಕಾರವಾಗುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಹಾಡನ್ನು ಹಾಡಿಕೊಂಡು ಬಂದವರು ಹೆಂಗಸರು, ಅದು ಜಯಕಾರವಾಗಿ ಹುಟ್ಟಲಿಲ್ಲ, ದುಃಖವಾಗಿ ಹುಟ್ಟಿತು. ನೀರಿಗೆ ಯಾರು ಬೆಲೆ ತೆತ್ತರು ಎಂಬ ಲೆಕ್ಕವೂ ನೀರಿನ ಲೆಕ್ಕವೇ. ಇದೇ ಮಾತನ್ನು ಕೆರೆ ಅಗೆದವರಿಗೂ ಹೇಳಬೇಕು. ಬಯಲುಸೀಮೆಯ ಕೆರೆಗಳಲ್ಲಿ ಮಣ್ಣು ಹೊತ್ತು, ಕಲ್ಲು ಸೀಳಿ ಏರಿ ಹಾಕಿದ ಕೈಗಳಲ್ಲಿ ವಡ್ಡರ ಕೈಗಳು ಬಹಳ. ನಾಯಕನ ಹೆಸರು ಉಳಿಯಿತು, ಶಾಂತವ್ವನದು ಉಳಿಯಿತು, ಕಲ್ಲುಕುಟಿಗನದು ಉಳಿಯಲಿಲ್ಲ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ವಿಜಯನಗರ ಕಾಲದ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಹೇಳಿ, ಅಲ್ಲಿ ದಿನಾಲು ಸಾವಿರ ಕೂಲಿಗಳು, ನೂರು ಗಾಡಿಗಳು ಎರಡು ವರ್ಷ ದುಡಿದರೆಂದು ಕೆತ್ತಿಟ್ಟಿದ್ದಾರೆ. ಹೆಸರು ಅಲ್ಲಿಯೂ ಇಲ್ಲ. ಆದರೂ ದುಡಿಮೆಯ ಲೆಕ್ಕವಾದರೂ ಕಲ್ಲಿನ ಮೇಲೆ ಬಂದಿದೆ.

ಕರ್ನಾಟಕದ ಹಳೆಯ ಕೆರೆಗಳ ತೂಬುಗಳನ್ನು ಹತ್ತಿರದಿಂದ ನೋಡಬೇಕು. ಏರಿಯ ಒಳಮಗ್ಗುಲಲ್ಲಿ ನೀರಿನೊಳಗಿಂದ ಎದ್ದ ಎರಡು ಕಲ್ಲಿನ ಕಂಬ, ಅವುಗಳ ನಡುವೆ ಏಣಿಯ ಹಲ್ಲಿನಂತೆ ಅಡ್ಡ ಹಲಗೆಗಲ್ಲುಗಳು, ಪ್ರತಿ ಹಲಗೆಯ ನಡುವೆ ಒಂದು ತೂತು. ಆ ತೂತುಗಳ ಮೂಲಕ ಇಳಿಬಿಟ್ಟ ಕೋಲಿನ ತುದಿಯ ಬಿರಡೆ ತಳದ ಕಂಡಿಯನ್ನು ಮುಚ್ಚುತ್ತದೆ. ನೀರುಗಂಟಿ ಕೋಲನ್ನು ಎಷ್ಟು ಎತ್ತುತ್ತಾನೋ ಅಷ್ಟು ನೀರು ಗದ್ದೆಗೆ. ಆ ಕಂಬಗಳ ಮೇಲಿನ ಅಡ್ಡಗಲ್ಲಿನಲ್ಲಿ ಎಷ್ಟೋ ಕಡೆ ಗಜಲಕ್ಷ್ಮಿ ಕೂತಿರುತ್ತಾಳೆ. ಎರಡು ಆನೆಗಳು ಸೊಂಡಿಲೆತ್ತಿ ಅವಳ ತಲೆಯ ಮೇಲೆ ಕೊಡ ಬಗ್ಗಿಸುತ್ತಿರುತ್ತವೆ. ಆನೆ ಎಂದರೆ ಮೋಡ, ಕೊಡ ಎಂದರೆ ಮಳೆ, ಅವಳು ಕೂತ ಜಾಗ ಕೆರೆ. ಶಿಲ್ಪಿ ಈ ಬಿಂಬವನ್ನು ಗುಡಿಯ ಬಾಗಿಲವಾಡದಲ್ಲಿ ಮಾತ್ರ ಬಿಡಲಿಲ್ಲ, ನೀರು ಪಾಲಾಗುವ ಜಾಗಕ್ಕೆ ತಂದು ಇಟ್ಟ. ಕೆರೆ ತುಂಬಿದಾಗ ನೀರು ಅವಳ ಪಾದದ ಹತ್ತಿರ ಬರುತ್ತದೆ, ಬತ್ತಿದಾಗ ಅವಳು ಎತ್ತರದಲ್ಲಿ ಒಂಟಿಯಾಗಿ ಕೂತಿರುತ್ತಾಳೆ. ಬಿರಡೆ ಎತ್ತಲು ಹೋದ ನೀರುಗಂಟಿ ದಿನವೂ ಅವಳ ಮುಖ ನೋಡಲೇಬೇಕು. ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಬಿಡುವ ಕೈಯನ್ನು ಅವಳು ತಡೆದಳೋ ಇಲ್ಲವೋ ಹೇಳಲಾಗದು, ನೋಡುತ್ತಲಂತೂ ಇದ್ದಳು. ಶ್ರೀಲಂಕಾದ ಪುರಾತನ ಕೆರೆಗಳ ತೂಬುಗಳ ಬಳಿಯೂ ಹೆಡೆಯೆತ್ತಿದ ನಾಗಗಳ ಕಲ್ಲುಗಳಿವೆ. ಕಲೆಯನ್ನು ನೀರಿನ ಕೀಲಿಯ ಹತ್ತಿರ ಇಡಬೇಕೆಂಬ ವಿವೇಕ ಒಂದೇ ನಾಡಿನದಲ್ಲ.

ಅಳತೆಗೂ ಅಲಂಕಾರಕ್ಕೂ ಹೊಂದಿಕೆಯಾಗದು ಎನ್ನುವವರಿಗೆ ಕೈರೋದ ರೋಡಾ ದ್ವೀಪದ ನೈಲ್ ಮಾಪಕ ಉತ್ತರ. ಕ್ರಿ.ಶ. 861ರಲ್ಲಿ ಕಟ್ಟಿದ ಆ ಬಾವಿಯ ನಡುವೆ ಮೊಳದ ಗುರುತು ಕೊರೆದ ಎಂಟು ಮುಖದ ಕಂಬವಿದೆ. ಸುತ್ತಲ ಗೋಡೆಯ ಮೇಲೆ ಮಳೆ, ಬೆಳೆ, ನೀರು ಕುರಿತ ಕುರಾನಿನ ವಾಕ್ಯಗಳನ್ನು ಕೆತ್ತಿದ್ದಾರೆ. ನೈಲ್ ನದಿ ಎಷ್ಟು ಮೊಳ ಏರಿತು ಎಂಬುದರ ಮೇಲೆ ಆ ವರ್ಷದ ಕಂದಾಯ ನಿಂತಿತ್ತು. ಮಧ್ಯ ಯುರೋಪಿನ ಎಲ್ಬ್ ನದಿಯಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಕಲೆಯಿದೆ. ಬರದ ವರ್ಷ ನದಿ ತಳ ಕಂಡಾಗ ಜನ ಅಲ್ಲಿನ ಬಂಡೆಗಳ ಮೇಲೆ ವರ್ಷವನ್ನೂ ಎಚ್ಚರಿಕೆಯನ್ನೂ ಕೊರೆದರು, ‘ಹಸಿವಿನ ಕಲ್ಲು’ ಎಂದೇ ಅವುಗಳ ಹೆಸರು. ಚೆಕ್ ದೇಶದ ಡೆಚೀನ್ ಊರಿನ ಕಲ್ಲಿನ ಮೇಲೆ 1616ರ ಗುರುತು ಇನ್ನೂ ಓದಲು ಬರುತ್ತದೆ. ನದಿ ತುಂಬಿದ್ದಾಗ ಯಾರಿಗೂ ಕಾಣದೆ ಮಲಗಿದ್ದು, 2018ರ ಬರದಲ್ಲಿ ಮತ್ತೆ ಮೇಲೆ ಬಂತು. ಕಾಣಬೇಕಾದಾಗ ಮಾತ್ರ ಕಾಣುವ ಈ ಶಿಲ್ಪಕ್ಕಿಂತ ಪ್ರಾಮಾಣಿಕವಾದ ಸಾರ್ವಜನಿಕ ಕಲೆ ಬೇರೆ ಇರಲಾರದು.

ಹೊನ್ನಾಳಿಗೆ ಬಂದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಕೂಡಲಿಯಲ್ಲಿ ತುಂಗೆ ಭದ್ರೆ ಒಂದಾದ ಮೇಲೆ ಹೊಳೆ ಹೊನ್ನಾಳಿಯ ಮಗ್ಗುಲಲ್ಲೇ ಹರಿಯುತ್ತದೆ. ಇಲ್ಲಿ ನೀರು ಬರಲೆಂದು ಬೇಡುವುದಕ್ಕಿಂತ ಹೆಚ್ಚಾಗಿ, ಬಂದ ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ಕೆಟ್ಟಿದೆ ಎಂಬುದೇ ಚಿಂತೆ. ಮಲೆನಾಡಿನಲ್ಲಿ ಮಳೆ ಜೋರಾದ ವರ್ಷಗಳಲ್ಲಿ ಬಾಲರಾಜ್ ಘಾಟಿನ ಮನೆಗಳವರು ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವೂ ಹೊನ್ನಾಳಿಯಲ್ಲಿದೆ. ಹೊಳೆ ಎಷ್ಟು ಮೀಟರ್ ಏರಿದೆ ಎಂಬ ಅಂಕಿ ದೂರದ ಕಚೇರಿಗಳಿಗೆ ತಲುಪುತ್ತದೆ. ಅದೇ ಅಂಕಿ ಊರಿನ ಬೀದಿಯ ಗೋಡೆಯ ಮೇಲೆ, ಮನೆಮಂದಿಗೆ ಕಾಣುವಂತೆ, ಇಂಥ ವರ್ಷ ಇಲ್ಲಿಯವರೆಗೆ ಎಂದು ಚೆಂದದ ಅಕ್ಷರದಲ್ಲಿ ಏಕೆ ಇರಬಾರದು? ಇನ್ನು ಹೊಳೆಗೆ ಬಾಗಿನ ಬಿಡುವ ಪದ್ಧತಿಯೂ ಒಂದು ಕಲೆಯೇ. ಹೊಸ ಮೊರಕ್ಕೆ ಅರಿಸಿನ ಬಳಿದು, ಬಳೆ, ಬಿಚ್ಚೋಲೆ, ಧಾನ್ಯ, ರವಿಕೆ ಕಣ ಜೋಡಿಸಿ, ಇನ್ನೊಂದು ಮೊರ ಮುಚ್ಚಿ, ತವರಿನ ಮಗಳನ್ನು ಬೀಳ್ಕೊಡುವಂತೆ ಹೊಳೆಗೆ ಬಿಡುತ್ತಾರೆ. ಬಿದಿರು, ಬತ್ತ, ಅರಿಸಿನ ಎಲ್ಲ ಕೊಳೆತು ಮಣ್ಣಾಗುವವು. ಇಂದಿನ ಬಾಗಿನದ ಪ್ಲಾಸ್ಟಿಕ್ ಬಳೆ, ಪಾಲಿಥಿನ್ ಹೊದಿಕೆ ಮಣ್ಣಾಗುವುದಿಲ್ಲ. ಹೊಳೆಯನ್ನು ಮಗಳೆಂದು ಕರೆದು ಅವಳ ಮಡಿಲಿಗೆ ಕಸ ಹಾಕುವುದು ಮರ್ಯಾದೆಯಲ್ಲ.

ಕೆಳದಂಡೆಯ ಹರಿಹರದಲ್ಲಿ 2022ರಲ್ಲಿ ತುಂಗಾರತಿಗೆಂದು ಹೊಳೆಯ ದಡದಲ್ಲಿ 108 ಮಂಟಪಗಳ ಯೋಜನೆಗೆ ಶಂಕುಸ್ಥಾಪನೆಯಾಯಿತು. ಕಾಶಿಯ ಗಂಗಾರತಿಯೇ ಅದರ ಮಾದರಿ. ಸಂಜೆಯ ಹೊತ್ತು ದೀಪ ನೀರಿನಲ್ಲಿ ಹೊಳೆಯುವುದು ಯಾರಿಗೆ ಬೇಡ? ಜನ ಹೊಳೆಯ ಕಡೆ ಮುಖ ತಿರುಗಿಸಿ ಒಂದು ಗಳಿಗೆ ನಿಲ್ಲುವುದೇ ಲಾಭ ಎಂಬ ವಾದಕ್ಕೂ ಬೆಲೆಯಿದೆ. ಆದರೆ ದೀಪ ಎತ್ತಿದ ಕೈ ಅದೇ ಸಂಜೆ ಹೊಳೆಯ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿಯಬಲ್ಲುದೆ ಎಂಬ ಪ್ರಶ್ನೆಯೇ ಇಂಥ ಕಲೆಗೆ ಒರೆಗಲ್ಲು. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟು ಹೊಳೆಯ ಜತೆಗೆ ನಡೆದದ್ದು ಇದೇ ಪ್ರಶ್ನೆ ಹೊತ್ತು. ಮಂಟಪದ ಕಲ್ಲಿಗಿಂತ ಆ ನಡಿಗೆ ನೀರಿಗೆ ಹತ್ತಿರವಾದ ಸಾರ್ವಜನಿಕ ಕೃತಿ ಎನಿಸುತ್ತದೆ, ಯಾಕೆಂದರೆ ಅದು ಊರೂರಿನ ಚರಂಡಿ ಹೊಳೆಗೆ ಸೇರುವ ಜಾಗವನ್ನು ಕಂಡು ಬಂತು. ಹೊಳೆಯಿಂದ ಬುಗ್ಗೆಗೆ ಬಂದರೆ, ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಟ್ಟದ ಕಲ್ಲಿನಿಂದ ನೀರು ಬರುತ್ತದೆ, ರಾಮನ ಹೆಸರಿನ ಐತಿಹ್ಯವಿದೆ, ಜನ ಕೈಯೊಡ್ಡಿ ತೀರ್ಥ ತೆಗೆದುಕೊಳ್ಳುತ್ತಾರೆ. ಬುಗ್ಗೆಯ ಸುತ್ತ ಎಷ್ಟು ಕಡಿಮೆ ಕಟ್ಟಿದರೆ ಅಷ್ಟು ಒಳ್ಳೆಯದು. ಅಲ್ಲಿ ಕಾಪಾಡಬೇಕಾದದ್ದು ಮೇಲಿನ ಕಾಡು.

ಜಗಳೂರಿಗೆ ಬರುವಾಗ ದನಿ ತಗ್ಗಿಸಬೇಕಾಗುತ್ತದೆ. ಚಿನ್ನಹಗರಿ ಹಳ್ಳ ವರ್ಷದ ಬಹುಭಾಗ ಮರಳಾಗಿಯೇ ಇರುವ ಸೀಮೆ ಇದು. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರಿನಲ್ಲಿ ಫ್ಲೋರೈಡಿನ ಕಾಟ. ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಕೊಡಗಳ ಸಾಲು. ಇಲ್ಲಿ ನೀರನ್ನು ಕೊಂಡಾಡುವ ಕಲೆ ಎಂದರೆ ಗಾಯಕ್ಕೆ ಉಪ್ಪು ಸವರಿದಂತಲ್ಲವೆ ಎಂದು ಕೇಳಬಹುದು. ಆದರೆ ನಾಲ್ಕು ತಾಲ್ಲೂಕುಗಳ ಪೈಕಿ ನೀರಿನ ಕಲೆ ಅತ್ಯಂತ ಜೀವಂತವಾಗಿದ್ದದ್ದು ಇಂಥ ಬಯಲುಸೀಮೆಯಲ್ಲೇ. ಅದು ಕಲ್ಲಿನಲ್ಲಿರಲಿಲ್ಲ, ಮಣ್ಣು ಸಗಣಿಯಲ್ಲಿತ್ತು. ಮಳೆ ಕೈಕೊಟ್ಟಾಗ ಗುರ್ಜಿ ಆಡುವುದನ್ನೇ ನೋಡಿ. ರೊಟ್ಟಿ ಸುಡುವ ಹೆಂಚನ್ನು ಬೋರಲು ಹಾಕಿ, ಅದರ ಮೇಲೆ ಸಗಣಿಯ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸಿ, ಹುಡುಗನ ತಲೆಯ ಮೇಲಿಟ್ಟು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯ ಹೆಂಗಸು ಬಾಗಿಲಿಗೆ ಬಂದು ಕೊಡದ ನೀರನ್ನು ಆ ಗುರ್ಜಿಯ ಮೇಲೆ ಸುರಿಯುತ್ತಾಳೆ, ಹುಡುಗ ಗಿರ್ರನೆ ಸುತ್ತುತ್ತಾನೆ, ನೀರು ಹೆಂಚಿನ ಅಂಚಿನಿಂದ ಮಳೆಯಂತೆ ಚಿಮ್ಮುತ್ತದೆ. ದೂರದಿಂದ ಹೊತ್ತು ತಂದ ನೀರು ಅದು. ಅದರಲ್ಲಿ ಒಂದು ಪಾಲು ಬೀದಿಗೆ ಕೊಡುವಾಗ ಯಾರ ಮನೆಯಲ್ಲಿ ಎಷ್ಟಿದೆ ಎಂಬುದು ಊರಿಗೆಲ್ಲ ತಿಳಿಯುತ್ತದೆ. ಕೊನೆಗೆ ಮನೆಗಳಿಂದ ಬಂದ ಹಿಟ್ಟು, ಬೇಳೆ ಕೂಡಿಸಿ ಅಡಿಗೆ ಮಾಡಿ ಉಣ್ಣುತ್ತಾರೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಬರುವ ಮಣ್ಣಿನ ಜೋಕುಮಾರನೂ ಇದೇ ಕುಲದವನು. ಕೆಲವೇ ದಿನ ಬದುಕಿ ಸಾಯುತ್ತಾನೆ, ಅವನ ಸಾವಿನಿಂದ ಮಳೆ ಬೆಳೆ ಎಂಬ ನಂಬಿಕೆ. ಗುರ್ಜಿಗೆ ನೀರೆರೆದ ಮಾತ್ರಕ್ಕೆ ಮೋಡ ಬರುವುದಿಲ್ಲ, ಅದನ್ನು ಒಪ್ಪಿಕೊಂಡೇ ಮಾತಾಡೋಣ. ಆದರೆ ಬರ ಒಂದು ಮನೆಯ ಪಾಪವಲ್ಲ, ಊರಿನ ಕಷ್ಟ ಎಂಬುದನ್ನು ಇಡೀ ಊರು ಒಂದೇ ಬೆಳಗಿನಲ್ಲಿ ಕಣ್ಣಾರೆ ಕಾಣುವಂತೆ ಮಾಡಿದ ಇನ್ನೊಂದು ಕಲೆಯನ್ನು ತೋರಿಸುವುದು ಕಷ್ಟ.

ಜಗಳೂರಿನ ಜನರ ಬಹುಕಾಲದ ಬೇಡಿಕೆಯಿಂದ ಹುಟ್ಟಿದ್ದು ತುಂಗಭದ್ರೆಯಿಂದ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆ. ಸಿರಿಗೆರೆಯ ತರಳಬಾಳು ಮಠ ಇದರ ಹಿಂದೆ ಬಿದ್ದು ಕೆಲಸ ಮಾಡಿದೆ. ಮೋಟಾರು, ಪೈಪು, ವಿದ್ಯುತ್ತು ಸೇರಿ ಹೊಳೆಯನ್ನು ಗುಡ್ಡ ಹತ್ತಿಸಿ ಬೇರೊಂದು ಸೀಮೆಗೆ ತರುವ ಕೆಲಸ ಇದು. ಇಲ್ಲೇ ಇನ್ನೊಂದು ದೊಡ್ಡ ಆಕ್ಷೇಪವನ್ನು ಎದುರಿಸಬೇಕು. ಕೆರೆಗೆ ನೀರಿಲ್ಲದಾಗ ಕಲೆಗೆ ದುಡ್ಡೇಕೆ, ಆ ದುಡ್ಡಿನಲ್ಲಿ ಹೂಳು ತೆಗೆಯಿರಿ ಎನ್ನುತ್ತಾರೆ. ವೃತ್ತದ ಕಾರಂಜಿಯ ವಿಷಯದಲ್ಲಿ ಈ ಮಾತು ನೂರಕ್ಕೆ ನೂರು ಸರಿ. ಬರದ ಸೀಮೆಯಲ್ಲಿ ಕುಡಿಯುವ ನೀರನ್ನು ಗಾಳಿಗೆ ಹಾರಿಸುವ ಅಲಂಕಾರವನ್ನು ಯಾರೂ ಸಮರ್ಥಿಸಲಾರರು. ಆದರೆ ಇಲ್ಲಿ ಕೇಳುತ್ತಿರುವುದು ಕೆರೆಗೊಂದು ಮಟ್ಟದ ಕಲ್ಲು. ತೂಬಿನ ಪಕ್ಕ ನಿಲ್ಲಿಸಿದ, ಮೊಳ ಮೊಳಕ್ಕೆ ಗುರುತು ಕೊರೆದ, ಊರಿನ ಕೈಗಾರನೇ ಒಂದು ಮೀನನ್ನೋ ಹಂಸವನ್ನೋ ಮೂಡಿಸಿದ ಕಲ್ಲಿಗೆ ಮೋಟಾರಿನ ಖರ್ಚಿನ ಮುಂದೆ ಲೆಕ್ಕವೇ ಇಲ್ಲ. ಅದು ಮಾಡುವ ಕೆಲಸವಾದರೋ ದೊಡ್ಡದು: ಯೋಜನೆಯ ನೀರು ಈ ವರ್ಷ ಈ ಕೆರೆಗೆ ಎಷ್ಟು ಬಂತು, ಪಕ್ಕದ ಕೆರೆಗೆ ಎಷ್ಟು ಹೋಯಿತು ಎಂಬುದನ್ನು ಯಾರ ಕಡತವನ್ನೂ ಕಾಯದೆ ಊರಿಗೆ ಹೇಳುತ್ತದೆ. ಬಾಲದ ತುದಿಯ ಕೆರೆಯವರಿಗೆ ಪಾಲು ಕೇಳಲು ಆ ಗುರುತೇ ಸಾಕ್ಷಿ.

ಮತ್ತೊಂದು ಆಕ್ಷೇಪ ಇನ್ನೂ ಆಳದ್ದು. ಪುಷ್ಕರಣಿ, ಕೆರೆ, ಬಾವಿ ಎಂದು ಹಳೆಯದನ್ನು ಹೊಗಳುವಾಗ ಅವು ಯಾರಿಗೆ ಸಾರ್ವಜನಿಕವಾಗಿದ್ದವು? ಎಷ್ಟೋ ಊರುಗಳಲ್ಲಿ ಬಾವಿಯ ಕಟ್ಟೆ ದಲಿತರಿಗೆ ಮುಚ್ಚಿತ್ತು. ಯಾರೋ ಮೇಲಿನಿಂದ ಸುರಿದ ನೀರಿಗೆ ಬೊಗಸೆಯೊಡ್ಡಿ ಕಾಯಬೇಕಿತ್ತು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಇಳಿದು ನೀರು ಕುಡಿದದ್ದು ಇದೇ ಕಾರಣಕ್ಕೆ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ಇಲ್ಲ, ಇದೆಯೆಂದು ನಟಿಸಲೂ ಬಾರದು. ಮೆಟ್ಟಿಲು ಎಷ್ಟು ಸುಂದರವಾಗಿದ್ದರೂ ಅದನ್ನು ಇಳಿಯಲು ಬಿಡದ ಊರಿನಲ್ಲಿ ಅದು ಅರ್ಧ ಜನರ ಕಲೆ. ಹಾಗಾಗಿ ಪಾಲು ಎಂಬುದನ್ನು ಮಟ್ಟ, ಹರಿವುಗಳ ಜತೆಗೆ ಸೇರಿಸಲೇಬೇಕು. ಚವದಾರ ಕೆರೆಯ ಆ ಬೊಗಸೆ ನೀರು ನೀರಿನ ಬಗ್ಗೆ ಭಾರತ ಕಂಡ ಅತಿ ದೊಡ್ಡ ಸಾರ್ವಜನಿಕ ಕೃತಿಗಳಲ್ಲಿ ಒಂದು. ಅದರ ನೆನಪನ್ನು ಯಾವುದೋ ಉದ್ಯಾನದಲ್ಲಿ ಇಡುವುದಕ್ಕಿಂತ, ಕೇರಿಗೂ ಊರಿಗೂ ಒಂದೇ ಪೈಪಿನ ನೀರು ಬರುವ ತೊಟ್ಟಿಯ ಮೇಲೆ ಚಿತ್ರಿಸಿದರೆ ಅರ್ಥವಿದೆ.

ಈಗ ನಲ್ಲಿಯ ಕಾಲ, ಮೆಟ್ಟಿಲಿಳಿದು ನೀರು ತರುವವರಾರು, ಹಳೆಯ ರೂಪಗಳ ಮಾತೇಕೆ ಎನ್ನುವವರಿದ್ದಾರೆ. ರೋಮಿನ ಟ್ರೆವಿ ಕಾರಂಜಿ ಪೈಪಿನ ಕೊನೆಯಲ್ಲೇ ಇದೆ ಎಂಬುದನ್ನು ಅವರು ನೆನೆಯಬೇಕು. ಕ್ರಿಸ್ತಪೂರ್ವ 19ರಲ್ಲಿ ಅಗ್ರಿಪ್ಪ ಕಟ್ಟಿಸಿದ ವರ್ಜಿನ್ ಮೇಲ್ಗಾಲುವೆಯ ನೀರು ಊರು ಮುಟ್ಟುವ ಜಾಗದಲ್ಲಿ 1762ರಲ್ಲಿ ಆ ಕಾರಂಜಿ ಪೂರ್ತಿಯಾಯಿತು. ಬಾಯಾರಿದ ಸೈನಿಕರಿಗೆ ಒಬ್ಬ ಹುಡುಗಿ ಬುಗ್ಗೆಯನ್ನು ತೋರಿಸಿದ ಕತೆ ಅದರ ಗೋಡೆಯಲ್ಲಿ ಕೆತ್ತನೆಯಾಗಿದೆ. ನಮ್ಮ ಶಾಂತವ್ವನಿಗೆ ದೂರದ ತಂಗಿ ಅವಳು. ನೀರು ಎಲ್ಲಿಂದ ಬಂತು, ಯಾರು ತಂದರು ಎಂಬುದನ್ನು ನೀರು ತಲುಪಿದ ಜಾಗದಲ್ಲೇ ಹೇಳುವ ಕ್ರಮ ಅದು. ನಮ್ಮ ಹಳ್ಳಿಗಳಲ್ಲಿ ಈಗ ಆ ಜಾಗ ಯಾವುದು? ಕಂಬಗಳ ಮೇಲೆ ನಿಂತ ಓವರ್‌ಹೆಡ್ ಟ್ಯಾಂಕು. ಊರಿನ ಅತಿ ಎತ್ತರದ ಕಟ್ಟಡ ಅದೇ, ಎಲ್ಲ ಬೀದಿಗೂ ಕಾಣುತ್ತದೆ, ಆದರೆ ಅದರೊಳಗೆ ಎಷ್ಟು ನೀರಿದೆ ಎಂಬುದು ನೀರುಗಂಟಿಯ ಹೊರತು ಯಾರಿಗೂ ತಿಳಿಯದು. 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್, ಕರ್ನಾಟಕದ ‘ಮನೆ ಮನೆಗೆ ಗಂಗೆ’, ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಹದಿನೈದು ಲೀಟರಿನ ಕೊಡವಾದರೆ ನಾಲ್ಕಕ್ಕೂ ಕಡಿಮೆ. ಗೋಡೆಯ ಮೇಲೆ ನೀಲಿ ಹನಿ ಬರೆಯುವ ಬದಲು ಮೂರು ಕೊಡ, ಮತ್ತೊಂದು ಮುಕ್ಕಾಲಿಗಿಂತ ಕೊಂಚ ಕಡಿಮೆ ತುಂಬಿದ ಕೊಡ ಬರೆದು, ಇದು ನಿಮ್ಮ ಪಾಲು ಎಂದರೆ ಆ ಚಿತ್ರದ ಮುಂದೆ ಹೆಂಗಸರು ನಿಂತು ಲೆಕ್ಕ ಹಾಕುತ್ತಾರೆ, ಪಂಚಾಯಿತಿಯಲ್ಲಿ ಕೇಳುತ್ತಾರೆ. ಟ್ಯಾಂಕಿನ ಹೊರಮೈಗೆ ಒಳಗಿನ ಮಟ್ಟ ತೋರಿಸುವ ತೇಲುಗುಂಡಿನ ಸರಳ ಗುರುತನ್ನು ಕಟ್ಟಿ, ಅದನ್ನೇ ಊರಿನ ಚಿತ್ರಗಾರ ಕೊಕ್ಕರೆಯಾಗಿಯೋ ಏಣಿಯಾಗಿಯೋ ಮಾಡಬಹುದು. ಘೋಷಣೆಗಳು ಹೆಚ್ಚು ಜನರನ್ನು ಮುಟ್ಟುತ್ತವೆ ಎಂಬ ಮಾತು ನಿಜವಿರಬಹುದು. ಆದರೆ ನೀರು ಉಳಿಸಿ ಎಂದು ಬೋಧಿಸಿಕೊಳ್ಳಬೇಕಾದವರು ಮೂರು ಕಿಲೋಮೀಟರ್ ಕೊಡ ಹೊತ್ತವರಲ್ಲ.

ಈ ಕೆಲಸಕ್ಕೆ ಕಾಲವೂ ಒದಗಬೇಕು. ಜಗಳೂರಿನ ಯಾವುದೇ ಹಳೆಯ ಕೆರೆಯ ಬಳಿ ವಯಸ್ಸಾದವರನ್ನು ಕೇಳಿದರೆ ನೀರು ಯಾವ ಮರದ ಬುಡದವರೆಗೆ ಬರುತ್ತಿತ್ತು, ಕೋಡಿ ಬಿದ್ದಾಗ ಯಾವ ಬಂಡೆ ಮುಳುಗುತ್ತಿತ್ತು ಎಂದು ಕೈ ಮಾಡಿ ತೋರಿಸುತ್ತಾರೆ. ಆ ಮರಗಳು ಕೆಲವು ಹೋಗಿವೆ, ತೋರಿಸಬಲ್ಲವರೂ ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದಾರೆ. ಹೊಸ ಮಟ್ಟದ ಕಲ್ಲಿನ ಮೇಲೆ ಮೊದಲ ಗೆರೆ ಅವರ ನೆನಪಿನ ಗೆರೆಯಾಗಬೇಕು, ಅದರ ಕೆಳಗೆ ಖಾಲಿ ಜಾಗ ಬಿಟ್ಟು ವರ್ಷ ವರ್ಷ ಗುರುತು ಮಾಡುತ್ತ ಹೋಗಬೇಕು. ಕೆರೆಯಂಗಳ ಒಣಗಿ ಬಿರುಕು ಬಿಟ್ಟ ಫಾಲ್ಗುಣ ಚೈತ್ರದಲ್ಲಷ್ಟೇ ತೂಬಿನ ಬುಡದವರೆಗೆ ನಡೆದು ಹೋಗಲು, ಗುಂಡಿ ತೋಡಿ ಕಲ್ಲು ನಿಲ್ಲಿಸಲು ಬರುತ್ತದೆ. ಹೊಳೆಯ ನೀರು ಪೈಪಿನಲ್ಲಿ ಬಂದು ತುಂಬಿಕೊಂಡ ಮೇಲೆ ಆ ತಳ ಮತ್ತೆ ಕಾಣುವುದಿಲ್ಲ.